‘ಟೌನ್’ ಅಂದರೆ ಪಟ್ಟಣ, ಅಷ್ಟೇನಾ? ಒಂದೇ ಪದ ಕೊಟ್ಟು ನಿಘಂಟುಗಳನ್ನು ತೂಗಿದಾಗ

ನಿಘಂಟು ಚೆನ್ನಾಗಿದೆಯೋ ಇಲ್ಲವೋ ನೋಡಲು ಜನ ಸಾಮಾನ್ಯವಾಗಿ ಗಡುಸಾದ ಪದವೊಂದನ್ನು ಹುಡುಕುತ್ತಾರೆ. ಸಿಕ್ಕರೆ ಖುಷಿ, ಸಿಗದಿದ್ದರೆ ಪುಸ್ತಕ ವಾಪಸ್ ಕಪಾಟಿಗೆ. ಆದರೆ ಗಡುಸು ಪದಕ್ಕೆ ಇರುವುದು ಒಂದೋ ಎರಡೋ ಅರ್ಥ, ಅದನ್ನು ಕೊಡುವುದು ಯಾವ ನಿಘಂಟಿಗೂ ಹೊರೆಯಲ್ಲ. ನಿಘಂಟಿಗೆ ಬೆವರಿಳಿಸುವುದು ಸವೆದುಹೋದ, ದಿನಾ ಬಾಯಲ್ಲಿ ಓಡಾಡುವ ಸಣ್ಣ ಪದ. ಈ ವಿಮರ್ಶೆಗೆ ಆರಿಸಿಕೊಂಡದ್ದು ‘ಟೌನ್’.

ಇದಕ್ಕೆ ಬೆಂಗಳೂರಿಗಿಂತ ಒಳ್ಳೆಯ ಪ್ರಯೋಗಶಾಲೆ ಸಿಗದು. ಜೆ.ಸಿ. ರಸ್ತೆಯ ದಪ್ಪ ಕಂಬಗಳ ಕಟ್ಟಡ 1935ರದು. ಕಂಡಕ್ಟರ್ ಅದನ್ನು ಟೌನ್ ಹಾಲ್ ಎಂದು ಕೂಗುತ್ತಾರೆ, ಆಹ್ವಾನಪತ್ರಿಕೆ ಮಾತ್ರ ಪುಟ್ಟಣ್ಣ ಚೆಟ್ಟಿ ಪುರಭವನ ಎಂದು ಅಚ್ಚು ಹಾಕುತ್ತದೆ. ಅಲ್ಲಿ ಟೌನ್ ಅಂದರೆ ಪುರ. ಫ್ರೇಜರ್ ಟೌನಿನ ಸರ್ಕಾರಿ ಹೆಸರು ಪುಲಕೇಶಿನಗರ, ಅಲ್ಲಿ ಟೌನ್ ನಗರವಾಯಿತು. ಕೆಂಗೇರಿ ಸ್ಯಾಟಲೈಟ್ ಟೌನ್ ಬಸ್ಸಿನ ಬೋರ್ಡಿನಲ್ಲಿ ಕೆಂಗೇರಿ ಉಪನಗರ. ಊರಾಚೆ ದಾಟಿದರೆ ಟೌನ್ ಪಂಚಾಯತ್ ಪಟ್ಟಣ ಪಂಚಾಯಿತಿಯಾಗುತ್ತದೆ, ಅದಕ್ಕಿಂತ ಒಂದು ಮೆಟ್ಟಿಲು ಮೇಲಿನ ಟೌನ್ ಮುನಿಸಿಪಲ್ ಕೌನ್ಸಿಲ್ ಪುರಸಭೆ. ಇಷ್ಟರ ಮಧ್ಯೆ ಫೋನಿನಲ್ಲಿ ಯಾರಾದರೂ ‘ಸಾಹೇಬ್ರು ಔಟ್ ಆಫ್ ಟೌನಾ?’ ಎಂದು ಕೇಳಿದರೆ ಪುರ, ನಗರ, ಪಟ್ಟಣ ಯಾವುದೂ ಒದಗುವುದಿಲ್ಲ. ಸರಿಯಾದ ಕನ್ನಡ ‘ಊರಲ್ಲಿಲ್ಲ’.

ತಕ್ಕಡಿಗೆ ಹಾಕಿದ್ದು ನಾಲ್ಕು ಸರಕು: ಕಿಟ್ಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ 8 ಸಂಪುಟಗಳ ಕನ್ನಡ ನಿಘಂಟು, ಆನ್‌ಲೈನಿನಲ್ಲಿ ಪುಕ್ಕಟೆ ಸಿಗುವ ‘ಅಲರ್’, ಮತ್ತು ಫೋನುಗಳಲ್ಲಿರುವ ಅನುವಾದದ ಆ್ಯಪ್‌ಗಳು. ಆ್ಯಪ್‌ಗಳನ್ನು ಹೆಸರಿಟ್ಟು ಬೇರೆ ಬೇರೆ ತೂಗುವುದರಲ್ಲಿ ಅರ್ಥವಿಲ್ಲ. ತಿಂಗಳಿಗೊಮ್ಮೆ ಅವು ಬದಲಾಗುತ್ತವೆ, ಎಡವುವ ಜಾಗ ಮಾತ್ರ ಎಲ್ಲಕ್ಕೂ ಒಂದೇ.

ಮೊದಲು ಆ ಜಾಗ ಯಾವುದೆಂದು ನೋಡೋಣ. ಅದು ತಿಳಿಯದಿದ್ದರೆ ಯಾವ ನಿಘಂಟು ತೆರೆದರೂ ಪ್ರಯೋಜನವಿಲ್ಲ.

ಇಂಗ್ಲಿಷಿನ ಟೌನ್ ಒಂದು ಜಾಗದ ಗಾತ್ರವನ್ನು ಹೇಳುತ್ತದೆ: ಹಳ್ಳಿಗಿಂತ ದೊಡ್ಡದು, ಸಿಟಿಗಿಂತ ಚಿಕ್ಕದು. ಕನ್ನಡದ ಮಾತು ಗಾತ್ರ ನೋಡುವುದಿಲ್ಲ, ಮಾತಾಡುವವನಿಗೂ ಆ ಜಾಗಕ್ಕೂ ಏನು ನಂಟು ಎಂದು ನೋಡುತ್ತದೆ. ಬದುಕುವ ಜಾಗವಾದರೆ, ಹುಟ್ಟಿದ ಜಾಗವಾದರೆ ಊರು. ಸಾಮಾನು ತರಲು, ಮಾರಲು ಹೋಗುವ ಜಾಗವಾದರೆ ಪೇಟೆ. ಕಚೇರಿ, ಕಂದಾಯ, ಜನಗಣತಿಯ ಲೆಕ್ಕಕ್ಕೆ ಬಂದರೆ ಪಟ್ಟಣ. ಹೊಸದಾಗಿ ಹೆಸರಿಡಬೇಕಾದರೆ ನಗರ ಅಥವಾ ಪುರ. ಬೀಜ ತರಲು ಹೊರಟ ರೈತ ‘ಪಟ್ಟಣಕ್ಕೆ ಹೋಗುತ್ತಿದ್ದೇನೆ’ ಎಂದು ಬರೆದರೆ ಅದು ಪಠ್ಯಪುಸ್ತಕದ ರೈತ. ನಿಜವಾದವನು ಪೇಟೆಗೆ ಹೋಗುತ್ತಾನೆ, ಧಾರವಾಡದ ಕಡೆಯಾದರೆ ಪ್ಯಾಟಿಗೆ. ಮಂಡ್ಯ, ಮೈಸೂರಿನ ಹಳ್ಳಿಗಳ ಕಡೆ ‘ಪಟ್ಣಕ್ಕೆ ಹೋಗೋದು’ ಇನ್ನೂ ಜೀವಂತವಾಗಿದೆ, ನಿಜ. ಆದರೆ ಆ ಪಟ್ಣದಲ್ಲಿ ದೂರ ಇದೆ, ಸ್ವಲ್ಪ ಬೆರಗೂ ಇದೆ. ವಾರದ ಸಂತೆಯ ಮಾತು ಅದಲ್ಲ.

ಊರು ಪದವೇ ಅತಿ ಜಾರುವುದು. ಬೆಂಗಳೂರಿನ ಬಾಡಿಗೆ ಮನೆಯಲ್ಲಿ 20 ವರ್ಷ ಕಳೆದವರೂ ‘ಊರಿಗೆ ಹೋಗ್ತಿದೀನಿ’ ಎಂದರೆ ಅದು ಬೆಂಗಳೂರಲ್ಲ, ಹಾಸನವೋ ಸಿರಸಿಯೋ ಆಗಿರುತ್ತದೆ. ಅದೇ ಮನುಷ್ಯ ಬಾಸಿಗೆ ‘ನಾಳೆ ಊರಲ್ಲಿರಲ್ಲ’ ಎಂದರೆ ಆ ಊರು ಬೆಂಗಳೂರು. ವಿಭಕ್ತಿ ಬದಲಾದರೆ ಊರೇ ಬದಲಾಗುತ್ತದೆ. ‘ಊರಿಗೆ ಹೋಗಿದಾರೆ’ ಅಂದರೆ ಹುಟ್ಟೂರಿಗೆ. ‘ಊರಲ್ಲಿಲ್ಲ’ ಅಂದರೆ ಈ ಊರಿನಲ್ಲಿಲ್ಲ. ‘ಊರಲ್ಲಿದಾರೆ’ ಎರಡೂ ಕಡೆ ಹೊರಳುತ್ತದೆ, ಹಬ್ಬದ ವಾರವಾದರೆ ಹುಟ್ಟೂರು ಎಂದೇ ಕೇಳಿಸುತ್ತದೆ. ಅದಕ್ಕೆ ಒಂದು ‘ಏ’ ಸೇರಿಸಿ ‘ಊರಲ್ಲೇ ಇದಾರೆ’ ಅಂದರೆ ಸಂಶಯ ಮುಗಿಯಿತು: ಇಲ್ಲೇ ಇದ್ದಾರೆ, ಎಲ್ಲೂ ಹೋಗಿಲ್ಲ. ಇಂಗ್ಲಿಷಿನ ‘ಇನ್ ಟೌನ್’ಗೆ ಸರಿಯಾದ ಅನುವಾದ ಈ ‘ಏ’ ಇರುವ ರೂಪ. ಇದನ್ನು ಹೇಳಿಕೊಡುವ ನಿಘಂಟು ಕನ್ನಡಕ್ಕೆ ಇನ್ನೂ ಬರಬೇಕು. ನಾಮಪದಗಳನ್ನು ಒಂಟಿಯಾಗಿ ನಿಲ್ಲಿಸಿ ಅರ್ಥ ಬರೆಯುವ ಪದ್ಧತಿಯಲ್ಲಿ ಪ್ರತ್ಯಯದ ಈ ಆಟ ಹಿಡಿಯಲು ಜಾಗವೇ ಇಲ್ಲ.

ಈಗ ಒಂದೊಂದಾಗಿ.

ಕಿಟ್ಟೆಲ್ ನಿಘಂಟು ಮಂಗಳೂರಿನ ಬಾಸೆಲ್ ಮಿಷನ್ 1894ರಲ್ಲಿ ಅಚ್ಚು ಹಾಕಿದ್ದು. ಸುಮಾರು 70,000 ಪದ, 1700ಕ್ಕೂ ಹೆಚ್ಚು ಪುಟ. ಮುಂದೆ ಮದ್ರಾಸ್ ವಿಶ್ವವಿದ್ಯಾಲಯ ಎಂ. ಮರಿಯಪ್ಪ ಭಟ್ಟರಿಂದ ಪರಿಷ್ಕರಿಸಿ 4 ಸಂಪುಟಗಳಲ್ಲಿ ತಂದಿತು. ಮೂಲದ ಮರುಮುದ್ರಣಗಳೂ ಸಿಗುತ್ತವೆ, ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಸ್ಕ್ಯಾನ್ ಪ್ರತಿ ಪುಕ್ಕಟೆ. ಮೊದಲೇ ತಿಳಿದಿರಬೇಕಾದ್ದು, ಇದು ಕನ್ನಡದಿಂದ ಇಂಗ್ಲಿಷಿಗೆ ಹೋಗುವ ನಿಘಂಟು. ‘ಟೌನ್’ ಎಂದು ಹುಡುಕಲಾಗದು. ಊರು, ಪೇಟೆ, ಪಟ್ಟಣಗಳ ಕಡೆಯಿಂದ ಬಂದು, ಯಾವುದರ ಅರ್ಥದಲ್ಲಿ ಟೌನ್ ಇದೆ, ಯಾವುದರಲ್ಲಿ ಇಲ್ಲ ಎಂದು ನೋಡಬೇಕು. ಕೆಲಸ ನಿಧಾನ, ಸಿಗುವ ಫಲ ಮಾತ್ರ ಗಟ್ಟಿ.

ಮೊದಲ ಸಲ ಕಿಟ್ಟೆಲ್ ತೆರೆದವರಲ್ಲಿ ಹೆಚ್ಚಿನವರು ‘ಪದವೇ ಇಲ್ಲ’ ಎಂದು ಮುಚ್ಚಿಡುತ್ತಾರೆ. ಇದಕ್ಕೆ ಮೂರು ಕಾರಣ. ಒಂದು, ಅನುಸ್ವಾರ. ನಾವು ಸಂತೆ ಎಂದು ಸೊನ್ನೆ ಹಾಕಿ ಬರೆಯುವುದನ್ನು ಕಿಟ್ಟೆಲ್ ಸನ್ತೆ ಎಂದು ಬರೆಯುತ್ತಾರೆ, ಅಂಗಡಿಯನ್ನು ಅಙ್ಗಡಿ ಎಂದು. ಆಯಾ ವರ್ಗದ ಅನುನಾಸಿಕದ ಕ್ರಮದಲ್ಲಿ ಹುಡುಕದಿದ್ದರೆ ಹತ್ತಾರು ಪುಟ ಆಚೆ ಈಚೆ ಅಲೆಯಬೇಕಾಗುತ್ತದೆ. ಎರಡು, ಪಕಾರ ಹಕಾರಗಳ ಜಗಳ. ಹಳಗನ್ನಡದ ಪಕಾರ ಈಗ ಹಕಾರವಾಗಿದೆ, ಹಾಗಾಗಿ ಹಳ್ಳಿಯ ವಂಶಾವಳಿ ಬೇಕಾದರೆ ಪಳ್ಳಿಯನ್ನೂ, ಹಟ್ಟಿಯದು ಬೇಕಾದರೆ ಪಟ್ಟಿಯನ್ನೂ ತೆಗೆಯಬೇಕು. ಮೂರು, ಈಗ ಬಳಕೆಯಲ್ಲಿಲ್ಲದ ಅಕ್ಷರಗಳು. ಪೊೞಲ್ ಎಂಬ ಹಳಗನ್ನಡದ ಪದಕ್ಕೆ ಪಟ್ಟಣ ಎಂದೇ ಅರ್ಥ. ಹೊಳಲ್ಕೆರೆಯ ಹೊಳಲು, ಮಂಡ್ಯದ ಪಕ್ಕದ ಹೊಳಲು ಅದರ ಮೊಮ್ಮಕ್ಕಳು. ಆ ೞ ಅಕ್ಷರವನ್ನು ಈಗಿನ ಕೀಬೋರ್ಡಿನಲ್ಲಿ ಹುಡುಕುವುದೇ ಒಂದು ಸಾಹಸ. ಕಂಪ್ಯೂಟರಿಗಾಗಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದು 0ಸಿಡಿಇ ಸಂಖ್ಯೆಯಲ್ಲಿದೆ, ಅಲ್ಲಿ ಅದಕ್ಕೆ ಬಿದ್ದಿರುವ ಇಂಗ್ಲಿಷ್ ಹೆಸರು ‘ಫಾ’! ತಪ್ಪೆಂದು ಗೊತ್ತಾದರೂ ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ. ಹಾಗಾಗಿ ಕನ್ನಡದ ಒಂದು ಪ್ರಾಚೀನ ಅಕ್ಷರ ಶಾಶ್ವತವಾಗಿ ಫಾ ಆಗಿ ಕೂತಿದೆ.

ಈ ಮೂರು ಗಂಟು ಬಿಚ್ಚಿದ ಮೇಲೆ ಕಿಟ್ಟೆಲ್ ಕೊಡುವುದನ್ನು ಬೇರೆ ಯಾರೂ ಕೊಡುವುದಿಲ್ಲ. ಪೇಟೆ ಅಂದರೆ ಬರೀ ಮಾರುಕಟ್ಟೆಯಲ್ಲ, ಕೋಟೆಗೆ ಹೊಂದಿಕೊಂಡು ಆದರೆ ಕೋಟೆಯಿಂದ ಬೇರೆಯಾಗಿ ಬೆಳೆದ ಊರು ಎಂಬ ಅರ್ಥ ಅಲ್ಲಿದೆ. ಈ ಒಂದು ಸಾಲು ಓದಿದರೆ ಬೆಂಗಳೂರಿನ ನಕ್ಷೆ ಅರ್ಥವಾಗುತ್ತದೆ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಊರಿನಲ್ಲಿ ಅಕ್ಕಿಗೆ ಅಕ್ಕಿಪೇಟೆ, ಹತ್ತಿಗೆ ಅರಳೆಪೇಟೆ, ಬಳೆಗೆ ಬಳೇಪೇಟೆ, ಕಾಳುಕಡ್ಡಿಗೆ ತರಗುಪೇಟೆ, ಕುಂಬಾರರಿಗೆ ಕುಂಬಾರಪೇಟೆ. ಈಗಿನ ಅವೆನ್ಯೂ ರಸ್ತೆಯೇ ಆಗಿನ ದೊಡ್ಡಪೇಟೆ. ಒಟ್ಟಿಗೆ ಸೇರಿಸಿದರೆ ಅದು ‘ಪೇಟೆ’, ದಕ್ಷಿಣಕ್ಕೆ ‘ಕೋಟೆ’. ಹಳೆಯ ಇಂಗ್ಲಿಷ್ ದಾಖಲೆಗಳಲ್ಲಿ ಬರುವ ‘ಪೆಟ್ಟಾ’ ಇದೇ ಪೇಟೆ. ಅದನ್ನು ಕನ್ನಡಕ್ಕೆ ತರುವಾಗ ‘ಮಾರುಕಟ್ಟೆ’ ಎಂದು ಬರೆದರೆ ಅರ್ಧ ಊರೇ ಮಾಯವಾಗುತ್ತದೆ, ಏಕೆಂದರೆ ಪೇಟೆಯಲ್ಲಿ ಅಂಗಡಿಯೂ ಮನೆಯೂ ಒಂದೇ ಸೂರಿನಡಿ ಇದ್ದವು. 1809ರಲ್ಲಿ ಬ್ರಿಟಿಷರ ದಂಡು ಹಲಸೂರಿನ ಕಡೆ ಬಂದು ನೆಲೆಸಿದ ಮೇಲೆ ಶುರುವಾಯಿತು ಟೌನುಗಳ ಸಾಲು: ರಿಚ್ಮಂಡ್ ಟೌನ್, ಲ್ಯಾಂಗ್‌ಫೋರ್ಡ್ ಟೌನ್, ಕ್ಲೀವ್‌ಲ್ಯಾಂಡ್ ಟೌನ್, ಬೆನ್ಸನ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್, ರೆಸಿಡೆಂಟ್ ಸ್ಟುವರ್ಟ್ ಫ್ರೇಜರರ ಹೆಸರಿನ ಫ್ರೇಜರ್ ಟೌನ್. ಒಂದೇ ಬೆಂಗಳೂರು: ಪಶ್ಚಿಮದಲ್ಲಿ ಪೇಟೆ, ಪೂರ್ವದಲ್ಲಿ ಟೌನ್. ಗಡಿ ದಾಟಿದ ಹೆಸರುಗಳೂ ಇವೆ. ಈಗಿನ ಮರ್ಫಿ ಟೌನ್ ಹಿಂದೆ ನಾಕ್ಸ್‌ಪೇಟೆ. ಮತ್ತೆ ಆಸ್ಟಿನ್ ಟೌನಿಗೆ ಮುಂದೆ ಬಂದ ಹೆಸರು ಯಾವುದು ಗೊತ್ತೇ? ಎಫ್. ಕಿಟ್ಟೆಲ್ ನಗರ. ಊರು ಪೇಟೆ ಪಟ್ಟಣಗಳನ್ನು ಅಕ್ಕಸಾಲಿಗನಂತೆ ತೂಗಿ ಬೇರ್ಪಡಿಸಿದ ಮನುಷ್ಯನ ಹೆಸರಿನಲ್ಲಿ ಒಂದು ಟೌನ್ ನಗರವಾಯಿತು. ಆಟೋದವರು ಇನ್ನೂ ಆಸ್ಟಿನ್ ಟೌನ್ ಎಂದೇ ಬರುತ್ತಾರೆ ಅನ್ನುವುದು ಬೇರೆ ಮಾತು.

ಹಾಗೆಂದು ಕಿಟ್ಟೆಲ್ ಒಂದನ್ನೇ ನಂಬಿ ಇವತ್ತಿನ ಪತ್ರ ಬರೆಯಲಾಗದು. 1894ರ ಆಚೆಗೆ ಬಳಕೆಗೆ ಬಂದ ಬಡಾವಣೆ, ಉಪನಗರಗಳ ಈಗಿನ ಅರ್ಥ ಅದರಲ್ಲಿ ಹುಡುಕಬಾರದು. ವ್ಯುತ್ಪತ್ತಿ, ಹಳೆಯ ಅರ್ಥ, ಗಾದೆ ಬೇಕಾದವರಿಗೆ ಪೂರ್ತಿ ಅಂಕ. ಕಚೇರಿ ಭಾಷಾಂತರಕ್ಕೆ ಅರ್ಧ.

ಪರಿಷತ್ತಿನ ಕನ್ನಡ ನಿಘಂಟು ಬೇರೆ ಜಾತಿಯ ಸರಕು. ಕನ್ನಡದಿಂದ ಕನ್ನಡಕ್ಕೆ. ಮೊದಲ ಸಂಪುಟ 1970ರಲ್ಲಿ ಬಂತು, 8ನೆಯದು 1995ರಲ್ಲಿ. ಜಿ. ವೆಂಕಟಸುಬ್ಬಯ್ಯನವರಂಥವರು ವರ್ಷಗಟ್ಟಲೆ ಇದರ ಸಂಪಾದಕತ್ವ ಹೊತ್ತರು. ಶಾಸನ ಮತ್ತು ಕಾವ್ಯಗಳಿಂದ ಪ್ರಯೋಗಗಳನ್ನು ಎತ್ತಿ ಕೊಡುವುದು ಇದರ ದೊಡ್ಡ ಬಲ. ಪಟ್ಟಣ ಎಂಬ ಪದ ಬರೀ ಗಾತ್ರವಲ್ಲ, ವ್ಯಾಪಾರದ ಕೇಂದ್ರ ಎಂಬುದು ಇಂಥ ಕಡೆಯೇ ಕಾಣುವುದು. ಶಾಸನಗಳ ಪಟ್ಟಣಸ್ವಾಮಿ ವರ್ತಕರ ಮುಖಂಡ. ಇವತ್ತಿನ ಪಟ್ಟಣಶೆಟ್ಟಿ ಎಂಬ ಮನೆತನದ ಹೆಸರಿನಲ್ಲಿ ಆ ನೆನಪಿದೆ. ಕರಾವಳಿಯ ಮಚಲಿಪಟ್ಟಣ, ವಿಶಾಖಪಟ್ಟಣ, ನಾಗಪಟ್ಟಣಗಳೆಲ್ಲ ಹಡಗಿನ ಊರುಗಳು. ಒಳನಾಡಿನ ಶ್ರೀರಂಗಪಟ್ಟಣ, ಚನ್ನಪಟ್ಟಣ, ಪಿರಿಯಾಪಟ್ಟಣಗಳಲ್ಲಿ ಹಡಗಿಲ್ಲ, ಪದ ಮಾತ್ರ ಉಳಿದಿದೆ.

ಕೊಳ್ಳುವ ವಿಷಯಕ್ಕೆ ಬಂದರೆ, ಮನೆಗೆ 8 ಸಂಪುಟ ಬೇಡ. ಕಪಾಟಿನ ಒಂದು ಅರೆ ಪೂರ್ತಿ ಹೋಗುತ್ತದೆ, ಮೂರನೆಯ ಸಂಪುಟ ಬೇಕಾದಾಗ ಐದನೆಯದು ಕೈಗೆ ಬರುತ್ತದೆ. ಪರಿಷತ್ತಿನದೇ ಒಂದು ಸಂಪುಟದ ಸಂಕ್ಷಿಪ್ತ ಕನ್ನಡ ನಿಘಂಟು ಮನೆಗೂ ಶಾಲೆಗೂ ಸಾಕು, ಚಾಮರಾಜಪೇಟೆಯ ಪರಿಷತ್ತಿನ ಕಚೇರಿಯಲ್ಲಿ ಕೇಳಿ. ಸಂಕ್ಷಿಪ್ತದಲ್ಲಿ ಪ್ರಯೋಗದ ಸಾಲುಗಳು ಬಿಟ್ಟುಹೋಗುತ್ತವೆ ಎಂಬುದು ನೆನಪಿರಲಿ. ಪದದ ಅರ್ಥ ಸಿಗುತ್ತದೆ, ಪದ ಎಲ್ಲಿ ನಡೆದಾಡಿತ್ತು ಎಂಬುದು ಸಿಗುವುದಿಲ್ಲ. ಅದು ಬೇಕಾದಾಗ ಗ್ರಂಥಾಲಯದಲ್ಲಿ ದೊಡ್ಡದನ್ನು ನೋಡಿದರಾಯಿತು.

ಇಂಗ್ಲಿಷಿನಿಂದ ಕನ್ನಡಕ್ಕೆ ಬರುವ ಅಚ್ಚಿನ ನಿಘಂಟುಗಳ ಬಗ್ಗೆ ಒಂದೇ ಮಾತು. ಮೈಸೂರು ವಿಶ್ವವಿದ್ಯಾಲಯದ 1946ರ ನಿಘಂಟಿನಿಂದ ಈಚೆಗೆ ಹಲವು ಬಂದಿವೆ. ಜೇಬಿನ ಗಾತ್ರದವು ಪಟ್ಟಣ, ನಗರ, ಪುರ ಎಂದು ಅಲ್ಪವಿರಾಮ ಹಾಕುತ್ತ ಸಾಲಾಗಿ ನಿಲ್ಲಿಸಿ ಮುಂದೆ ಹೋಗುತ್ತವೆ. ಯಾವುದನ್ನು ಎಲ್ಲಿ ಎಂದು ಹೇಳದ ಪಟ್ಟಿ, ಬೆಲೆ ಬರೆಯದ ಹೋಟೆಲ್ ಮೆನು ಇದ್ದ ಹಾಗೆ.

‘ಅಲರ್’ ಈ ಪಂಕ್ತಿಯಲ್ಲಿ ಅಚ್ಚರಿ. ವಿ. ಕೃಷ್ಣ ಅವರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಒಬ್ಬರೇ ಕೂತು ಕಟ್ಟಿದ ಕನ್ನಡ–ಇಂಗ್ಲಿಷ್ ಪದಕೋಶ, 2019ರಲ್ಲಿ ಆನ್‌ಲೈನಿಗೆ ಬಂತು. ಪದಗಳ ಸಂಖ್ಯೆ 1.5 ಲಕ್ಷಕ್ಕೂ ಮೇಲೆ. ಕನ್ನಡ ಕೀಬೋರ್ಡ್ ಇಲ್ಲದಿದ್ದರೂ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರದಂತೆ ಒತ್ತಿದರೆ ಪದ ಹಿಡಿಯುತ್ತದೆ. ಬಸ್ಸಿನಲ್ಲಿ ನಿಂತುಕೊಂಡು ನೋಡಲು ಇದಕ್ಕಿಂತ ಸಲೀಸಾದದ್ದಿಲ್ಲ. ದೋಷ ಕಿಟ್ಟೆಲ್ಲಿನದೇ: ದಿಕ್ಕು ಕನ್ನಡದಿಂದ ಇಂಗ್ಲಿಷಿಗೆ.

ಆದರೆ ಅಲರ್ ದತ್ತಾಂಶ ಮುಕ್ತ ಪರವಾನಗಿಯಲ್ಲಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಈ ಅನುಕೂಲದಿಂದ ದಿಕ್ಕನ್ನು ತಿರುಗಿಸಬಹುದು. ಪೂರ್ತಿ ಕಡತವನ್ನು ಕಂಪ್ಯೂಟರಿಗೆ ಇಳಿಸಿ. ಸಾಮಾನ್ಯ ನೋಟ್‌ಪ್ಯಾಡು ಅಷ್ಟು ದೊಡ್ಡ ಕಡತಕ್ಕೆ ತಿಣುಕುತ್ತದೆ, ಕೋಡ್ ಬರೆಯುವವರ ಎಡಿಟರ್ ಬಳಸಿ. ಇಂಗ್ಲಿಷಿನ ಟೌನ್ ಪದವನ್ನು ‘ಪೂರ್ಣ ಪದ ಮಾತ್ರ’ ಆಯ್ಕೆಯಲ್ಲಿ ಹುಡುಕಿ, ಇಲ್ಲದಿದ್ದರೆ ಟೌನ್‌ಶಿಪ್ ಮುಂತಾದವೂ ನುಗ್ಗುತ್ತವೆ. ಅರ್ಥದಲ್ಲಿ ಆ ಪದವಿರುವ ಕನ್ನಡದ ಪದಗಳೆಲ್ಲ ಸಾಲುಗಟ್ಟುತ್ತವೆ. ಅದರಲ್ಲಿ ಅರ್ಥದ ಮೊದಲ ತುಣುಕಿನಲ್ಲೇ ಟೌನ್ ಇರುವವನ್ನು ಬೇರೆ ಮಾಡಿ. ‘ಟೌನಿನ ಹೆಬ್ಬಾಗಿಲು’, ‘ಟೌನಿನ ಕಾವಲುಗಾರ’ ಎಂಬಂಥವು ಜರಡಿಯ ಮೇಲೆ ಉಳಿಯುತ್ತವೆ, ಸಮಾನಾರ್ಥಕಗಳು ಕೆಳಗೆ ಬೀಳುತ್ತವೆ. ಅರ್ಧ ಗಂಟೆಯ ಕೆಲಸ. ಒಂದು ಎಚ್ಚರಿಕೆ: ಹಳಗನ್ನಡ, ಸಂಸ್ಕೃತ, ಹೊಸಗನ್ನಡ ಎಲ್ಲವೂ ಒಂದೇ ಪಂಕ್ತಿಯಲ್ಲಿ ಕೂತಿರುತ್ತವೆ. ಸಿಕ್ಕಿತೆಂದು ಮದುವೆ ಕಾಗದದಲ್ಲಿ ‘ಪೊೞಲ್’ ಹಾಕಿಸಿದರೆ ನೆಂಟರು ಮುದ್ರಣದೋಷ ಎಂದುಕೊಳ್ಳುತ್ತಾರೆ.

ಕೊನೆಗೆ ಆ್ಯಪ್‌ಗಳು. ಇವಕ್ಕೆ ಒಂಟಿ ಪದ ಕೊಟ್ಟು ನೋಡುವುದು ವ್ಯರ್ಥ, ‘ಪಟ್ಟಣ’ ಎಂದು ಹೇಳಿ ಪಾಸಾಗುತ್ತವೆ. ವಾಕ್ಯ ಕೊಡಬೇಕು. ಪರೀಕ್ಷೆಗೆ ಈ ಏಳು ಸಾಕು, ಸರಿಯುತ್ತರ ಜೊತೆಗೇ ಇದೆ. ‘ಹೀ ಈಸ್ ಔಟ್ ಆಫ್ ಟೌನ್’: ಅವರು ಊರಲ್ಲಿಲ್ಲ. ‘ವಾಟ್ ಈಸ್ ಯುವರ್ ಹೋಮ್‌ಟೌನ್’: ನಿಮ್ಮೂರು ಯಾವುದು. ‘ಷೀ ವೆಂಟ್ ಟು ಟೌನ್ ಟು ಬೈ ಸೀಡ್ಸ್’: ಬೀಜ ತರಲು ಪೇಟೆಗೆ ಹೋದಳು. ‘ದ ಟಾಕ್ ಆಫ್ ದ ಟೌನ್’: ಊರೆಲ್ಲ ಅದೇ ಮಾತು. ‘ಎ ಘೋಸ್ಟ್ ಟೌನ್’: ಹಾಳೂರು. ‘ದ ಟೌನ್ ಕ್ರೈಯರ್’: ಡಂಗುರ ಸಾರುವವನು. ಏಳನೆಯದು ‘ಫ್ರೇಜರ್ ಟೌನ್ ಈಸ್ ಕ್ರೌಡೆಡ್ ಇನ್ ರಂಜಾನ್’: ಇಲ್ಲಿ ಟೌನ್ ಅನುವಾದ ಆಗಲೇಬಾರದು.

ಎಡವಟ್ಟುಗಳು ಎರಡು ತರದವು. ಮೊದಲನೆಯದು, ಎಲ್ಲ ಕಡೆಯೂ ಪಟ್ಟಣ: ‘ಅವನು ಪಟ್ಟಣದಿಂದ ಹೊರಗಿದ್ದಾನೆ’, ‘ಪಟ್ಟಣದ ಮಾತು’, ‘ಭೂತ ಪಟ್ಟಣ’. ಕಾರಣ ಸರಳ. ಇಂಥ ಯಂತ್ರಗಳು ಕಲಿಯುವುದು ಎರಡು ಭಾಷೆಯಲ್ಲಿ ಅಕ್ಕಪಕ್ಕ ಸಿಗುವ ಬರಹದಿಂದ. ಕನ್ನಡದಲ್ಲಿ ಹಾಗೆ ಜೋಡಿಯಾಗಿ ಸಿಗುವುದರಲ್ಲಿ ಸರ್ಕಾರಿ ಪ್ರಕಟಣೆ, ಧರ್ಮಗ್ರಂಥಗಳ ಪಾಲು ದೊಡ್ಡದು, ಅಡುಗೆಮನೆಯ ಮಾತಿನ ಪಾಲು ಚಿಕ್ಕದು. ಸರ್ಕಾರಿ ಕಾಗದದಲ್ಲಿ ಯಾರೂ ‘ಸಾಹೇಬ್ರು ಊರಲ್ಲೇ ಇದಾರೆ’ ಎಂದು ಬರೆಯುವುದಿಲ್ಲ. ಎರಡನೆಯ ತಪ್ಪು ಹೆಸರುಗಳದು: ಕಾಕ್ಸ್ ಪಟ್ಟಣ, ಬೆನ್ಸನ್ ಪಟ್ಟಣ. ಎರಡು ಪದ ಬಿಡಿಯಾಗಿ ಇರುವುದರಿಂದ ಯಂತ್ರ ಒಂದನ್ನು ಹೆಸರೆಂದು ಬಿಟ್ಟು ಇನ್ನೊಂದನ್ನು ಅನುವಾದಿಸುತ್ತದೆ. ಇದನ್ನು ತಡೆಯಲು ಉಪಾಯವಿದೆ. ಇಂಗ್ಲಿಷ್ ವಾಕ್ಯದಲ್ಲಿ ಹೆಸರಿನ ಜಾಗಕ್ಕೆ ಮೊದಲೇ ಕನ್ನಡ ಲಿಪಿಯಲ್ಲಿ ‘ಕಾಕ್ಸ್ ಟೌನ್’ ಎಂದು ಹಾಕಿ ಕೊಡಿ, ಹೆಚ್ಚಿನ ಸಲ ಹಾಗೆಯೇ ದಾಟಿ ಬರುತ್ತದೆ. ಊರು, ಪೇಟೆಯ ತಪ್ಪಿಗೆ ಇಂಥ ಉಪಾಯವಿಲ್ಲ. ವಾಕ್ಯವನ್ನು ನೀವೇ ಓದಿ ತಿದ್ದಬೇಕು, ಅಷ್ಟಾದರೆ ಆ್ಯಪ್ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ.

ಕಾನೂನಿನ ಕಾಗದ ಅನುವಾದಿಸುವವರಿಗೆ ಈ ನಾಲ್ಕೂ ಸಾಲವು. ಅಲ್ಲಿ ಪದಗಳಿಗೆ ಅರ್ಥ ಕೊಡುವುದು ನಿಘಂಟಲ್ಲ, ಅಧಿನಿಯಮ. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಲ್ಲಿ ಜನಸಂಖ್ಯೆ 10,000ದಿಂದ 20,000ದವರೆಗಿದ್ದರೆ ಪಟ್ಟಣ ಪಂಚಾಯಿತಿ, 20,000ದಿಂದ 50,000ದವರೆಗೆ ಪುರಸಭೆ, ಅದರಾಚೆ 3 ಲಕ್ಷದವರೆಗೆ ನಗರಸಭೆ. ಜನಸಂಖ್ಯೆಯ ಜೊತೆಗೆ ಬೇರೆ ಷರತ್ತುಗಳೂ ಇವೆ. ಪುರಸಭೆಯನ್ನು ‘ಪಟ್ಟಣ ಸಭೆ’ ಎಂದು ಬರೆದರೆ ಅರ್ಥವಾದೀತು, ಕಾಗದ ಮಾತ್ರ ವಾಪಸ್ ಬರುತ್ತದೆ. 1961ರ ಇನ್ನೊಂದು ಅಧಿನಿಯಮದಲ್ಲಿ ಟೌನ್ ಆ್ಯಂಡ್ ಕಂಟ್ರಿ ಪ್ಲಾನಿಂಗ್ ಎಂಬುದು ನಗರ ಮತ್ತು ಗ್ರಾಮಾಂತರ ಯೋಜನೆ. ಇಲ್ಲಿ ಟೌನ್ ನಗರ, ಅಲ್ಲಿ ಪುರ, ಪಕ್ಕದಲ್ಲೇ ಪಟ್ಟಣ. ತರ್ಕ ಹುಡುಕಬೇಡಿ, ಹೆಸರನ್ನು ಇದ್ದ ಹಾಗೆ ಎತ್ತಿಕೊಳ್ಳಿ. ಜನಗಣತಿಯವರದು ಮತ್ತೂ ಬೇರೆ ಅಳತೆ: ಆಡಳಿತದ ಲೆಕ್ಕದಲ್ಲಿ ಗ್ರಾಮವೇ ಆಗಿದ್ದರೂ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ. 75ರಷ್ಟು ಮಂದಿ ಬೇಸಾಯದಾಚೆಗಿನ ಕೆಲಸದಲ್ಲಿದ್ದರೆ ಅದು ‘ಸೆನ್ಸಸ್ ಟೌನ್’. ಹಾಗಾಗಿ ಒಂದೇ ಊರು ಪಂಚಾಯಿತಿಯ ಬೋರ್ಡಿನಲ್ಲಿ ಗ್ರಾಮ, ಜನಗಣತಿಯ ಪುಸ್ತಕದಲ್ಲಿ ಪಟ್ಟಣ ಆಗಿರಬಹುದು.

ಪಹಣಿಯಲ್ಲಿ ಇನ್ನೊಂದು ಪದ ಬಚ್ಚಿಟ್ಟುಕೊಂಡಿದೆ: ಕಸಬಾ ಹೋಬಳಿ. ಬಹಳ ಭಾಷಾಂತರಕಾರರು ಕಸಬಾ ಎಂಬುದು ಯಾವುದೋ ಊರಿನ ಹೆಸರೆಂದು ಬಿಟ್ಟುಬಿಡುತ್ತಾರೆ. ಅದು ಅರಬ್ಬಿ ಮೂಲದ ಪದ, ಅರ್ಥ ಟೌನ್ ಎಂದೇ. ತಾಲ್ಲೂಕು ಕೇಂದ್ರದ ಪಟ್ಟಣವಿರುವ ಹೋಬಳಿಗೆ ಆ ಹೆಸರು, ಅದಕ್ಕೇ ತಾಲ್ಲೂಕು ತಾಲ್ಲೂಕಿನಲ್ಲೂ ಒಂದೊಂದು ಕಸಬಾ. ಹುಬ್ಬಳ್ಳಿ ಕಡೆಯ ಶಹರ ಠಾಣೆಯ ‘ಶಹರ’ ಪಾರಸಿಯದು. ಟೌನ್ ನಮ್ಮಲ್ಲಿಗೆ ಬಂದ ಹೊಸ ನೆಂಟ ಅಷ್ಟೆ, ಮೊದಲನೆಯವನೇನಲ್ಲ.

ಟೌನಿನ ಸ್ವಂತ ಮೂಲವೂ ನೋಡತಕ್ಕದ್ದು. ಹಳೆಯ ಇಂಗ್ಲಿಷಿನಲ್ಲಿ ಅದು ‘ತೂನ್’: ಬೇಲಿ ಹಾಕಿದ ಜಾಗ, ಆವರಣದೊಳಗಿನ ಹೊಲಮನೆ. ಜರ್ಮನಿನಲ್ಲಿ ಅದರ ಒಡಹುಟ್ಟು ಪದಕ್ಕೆ ಇವತ್ತಿಗೂ ಬೇಲಿ ಎಂದೇ ಅರ್ಥ, ಡಚ್ಚಿನಲ್ಲಿ ತೋಟ. ವೆಲಿಂಗ್ಟನ್, ವಾಷಿಂಗ್ಟನ್ ಹೆಸರುಗಳ ಕೊನೆಯ ‘ಟನ್’ ಅದೇ ತೂನ್. ಇದಕ್ಕೆ ಕನ್ನಡದಲ್ಲಿ ನಿಜವಾದ ಜೋಡಿ ಪಟ್ಟಣವೂ ಅಲ್ಲ, ನಗರವೂ ಅಲ್ಲ. ದೊಡ್ಡಿ! ದನ ಕೂಡುವ ಬೇಲಿ ಊರಾಗಿ ಬೆಳೆದದ್ದು. ಕನಕಪುರ, ರಾಮನಗರ, ಮಂಡ್ಯದ ಕಡೆ ದೊಡ್ಡಿಗಳಿಗೆ ಲೆಕ್ಕವಿಲ್ಲ. ಕೆ.ಎಂ. ದೊಡ್ಡಿಯನ್ನು ಕೇಳದ ಮಂಡ್ಯದವರಿಲ್ಲ. ಕುರಿ ಹಟ್ಟಿ ಊರಾದ ಹಟ್ಟಿಯದೂ ಅದೇ ಕಥೆ. ಬೇಲಿಯಿಂದ ಊರು ಹುಟ್ಟುವುದು ಎರಡೂ ನುಡಿಗಳಲ್ಲಿ ತಂತಾನೇ ಆಗಿದೆ.

ಟೌನ್ ಪದವನ್ನೇ ಕನ್ನಡದಲ್ಲಿ ಬರೆಯುವವರಿಗೆ ಪ್ರತ್ಯಯದ ತೊಂದರೆ. ವ್ಯಂಜನದಲ್ಲಿ ನಿಲ್ಲುವ ಪದ ಕನ್ನಡದ ಬಾಯಿಗೆ ಒಗ್ಗದು, ಒಂದು ‘ಉ’ ಸೇರಿಸಿ ಟೌನು ಮಾಡಿಕೊಳ್ಳುತ್ತದೆ. ಹಾಗೆ ನೋಡಿದರೆ ಟೌನಿಗೆ, ಟೌನಿನಲ್ಲಿ, ಟೌನುಗಳು ಸರಿ. ‘ಟೌನ್‌ಗೆ’ ಎಂದು ಬರೆಯಲೇಬೇಕಾದರೆ ನಕಾರದ ಮುಂದೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು, ಯೂನಿಕೋಡ್ 200ಸಿ. ಅದಿಲ್ಲದಿದ್ದರೆ ಗಕಾರ ನಕಾರದ ಕೆಳಗೆ ಒತ್ತಾಗಿ ಇಳಿದು ‘ಟೌನ್ಗೆ’ ಆಗುತ್ತದೆ. ಫೋನಿನ ಹಲವು ಕೀಬೋರ್ಡುಗಳು ಅದನ್ನು ತಾವೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಕಣ್ಣಿಗೆ ಚಿಕ್ಕದಾಗಿ ಕಂಡರೂ ಹುಡುಕಾಟದಲ್ಲಿ ಇದು ದೊಡ್ಡ ತಲೆನೋವು. ಒಬ್ಬರು ಚಿಹ್ನೆ ಹಾಕಿ ಬರೆದದ್ದು, ಇನ್ನೊಬ್ಬರು ಹಾಕದೆ ಹುಡುಕಿದರೆ ಕೆಲವು ತಂತ್ರಾಂಶಗಳಲ್ಲಿ ಸಿಗುವುದೇ ಇಲ್ಲ. ‘ಟೌನಿಗೆ’ ಎಂದು ಬರೆದರೆ ಈ ರಗಳೆಯೇ ಇಲ್ಲ.

ಇನ್ನು ಅರ್ಜಿ ತುಂಬುವವರಿಗೆ. ಆಧಾರ್ ಅರ್ಜಿಯಲ್ಲಿ ಗ್ರಾಮ/ಪಟ್ಟಣ/ನಗರ ಎಂದು ಒಂದು ಕಾಲಂ, ಪ್ರದೇಶ ಅಥವಾ ಬಡಾವಣೆಗೆ ಬೇರೊಂದು ಕಾಲಂ ಇರುತ್ತದೆ. ಹೆಸರಿನಲ್ಲೇ ಟೌನ್ ಇದೆಯೆಂದು ಫ್ರೇಜರ್ ಟೌನನ್ನು ಮೊದಲನೆಯದರಲ್ಲಿ ಹಾಕಿದರೆ ವಿಳಾಸ ಹೊಂದಾಣಿಕೆ ತಪ್ಪುತ್ತದೆ. ಪಟ್ಟಣದ ಕಾಲಮಿನಲ್ಲಿ ಬೆಂಗಳೂರು, ಬಡಾವಣೆಯ ಕಾಲಮಿನಲ್ಲಿ ಫ್ರೇಜರ್ ಟೌನ್, ಪಿನ್ 560005. ಬ್ಯಾಂಕಿನ ಕಾಗದದಲ್ಲಿ ಪುಲಕೇಶಿನಗರ, ಆಧಾರಿನಲ್ಲಿ ಫ್ರೇಜರ್ ಟೌನ್ ಎಂದು ಬೇರೆ ಬೇರೆ ಇದ್ದರೆ ಪರಿಶೀಲಿಸುವವರು ಬೆಂಗಳೂರಿನಾಚೆಯವರಾದಾಗ ಎರಡೂ ಒಂದೇ ಜಾಗ ಎಂದು ಅವರಿಗೆ ಹೊಳೆಯುವುದಿಲ್ಲ. ಎಲ್ಲ ಕಡೆ ಒಂದನ್ನೇ ಬಳಸಿ.

ದುಡ್ಡು ಹಾಕುವುದಿದ್ದರೆ ಪರಿಷತ್ತಿನ ಸಂಕ್ಷಿಪ್ತ ನಿಘಂಟಿಗೆ ಹಾಕಿ. ನವೆಂಬರಿನಲ್ಲಿ ಕನ್ನಡ ಪುಸ್ತಕಗಳಿಗೆ ರಿಯಾಯಿತಿ ಇರುವುದುಂಟು, ಕಾದರೆ ಲಾಭ. ಫೋನಿನಲ್ಲಿ ಅಲರ್ ಪುಟವನ್ನು ಮುಖಪರದೆಗೆ ಸೇರಿಸಿಕೊಳ್ಳಿ. ಕಿಟ್ಟೆಲ್ ಸ್ಕ್ಯಾನ್ ಇಳಿಸಿಕೊಳ್ಳುವಾಗ ಮೊದಲು ಯಾವುದಾದರೂ ನಡುವಿನ ಪುಟ ತೆರೆದು ಅಂಚಿನ ಅಕ್ಷರಗಳು ಕತ್ತರಿಸಿಹೋಗಿಲ್ಲವೇ ನೋಡಿ. ಮಸುಕಾದ ಪ್ರತಿಯಲ್ಲಿ ಱ, ೞ ಎರಡರ ವ್ಯತ್ಯಾಸ ಕಾಣುವುದಿಲ್ಲ, ಅಂಥ ಕಡತ ಎಷ್ಟು ಹಗುರವಾಗಿದ್ದರೂ ಬೇಡ.